ಅಣ್ಣಾವ್ರ ಕರೆ, ನಮ್ಮ ಮನೆಯ ಉತ್ತರ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮನೆಗೆಲಸ, ಹಟ್ಟಿ ಕೆಲಸ, ಕೂಲಿ ಕೆಲಸ ಎಲ್ಲ ಮುಗಿಸಿ ಇಷ್ಟು ದೂರದಿಂದ ಬಂದಿದ್ದೀರಿ. ಇವತ್ತು ಸಾಲ, ಬಡ್ಡಿ, ಉಳಿತಾಯದ ಲೆಕ್ಕ ಬೇಡ. ಇವತ್ತು ಸಿನಿಮಾ ವಿಷಯ ಮಾತಾಡೋಣ. ನಗಬೇಡಿ. ಸಿಸ್ಟರ್ ಸಿನಿಮಾ ವಿಷಯ ಮಾತಾಡ್ತಾರೆ ಅಂದ್ರೆ ನಿಮಗೆ ಆಶ್ಚರ್ಯ ಆಗಬಹುದು. ಆದರೆ ಈ ಸಿನಿಮಾ ಮಾತು ಕೊನೆಗೆ ಬಂದು ನಿಲ್ಲುವುದು ನಮ್ಮ ನಿಮ್ಮ ಮನೆಯ ಬಾಗಿಲಲ್ಲೇ.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಯಾರಾದರೊಬ್ಬ ನಟನ ಅಭಿಮಾನಿ ಇದ್ದಾರಾ? ಮಗ, ತಮ್ಮ, ಗಂಡ, ಅಥವಾ ನೀವೇ? ಕೈ ಎತ್ತಿ ನೋಡೋಣ. ನೋಡಿ, ಎಲ್ಲರ ಕೈಯೂ ಮೇಲೆ ಇದೆ! ಅಭಿಮಾನ ತಪ್ಪಲ್ಲ. ಒಬ್ಬರನ್ನು ಮೆಚ್ಚುವುದು, ಪ್ರೀತಿಸುವುದು ಮನುಷ್ಯನ ಒಳ್ಳೆಯ ಗುಣ. ಆದರೆ ಆ ಪ್ರೀತಿ ಯಾವ ಕಡೆಗೆ ಹರಿಯುತ್ತದೆ ಅನ್ನುವುದು ಮುಖ್ಯ. ಹೊಸ ಸಿನಿಮಾ ಬಂದ ದಿನ ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿಯುತ್ತಾರೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಹಾಲು ಕರೆದು ಡೈರಿಗೆ ಹಾಕುವ ನಿಮಗೆ ಆ ಹಾಲಿನ ಬೆಲೆ ಗೊತ್ತು. ಅದೇ ಅಭಿಮಾನ ಸರಿಯಾದ ಕಾಲುವೆಯಲ್ಲಿ ಹರಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕನ್ನಡ ನಾಡಿನಲ್ಲೇ ದೊಡ್ಡ ಉದಾಹರಣೆ ಇದೆ. ಅದು ಡಾ. ರಾಜ್‌ಕುಮಾರ್ ಮನೆತನದ ನೇತ್ರದಾನದ ಕಥೆ.

ಕರೆ ಕೊಡುವ ಮೊದಲು ತಾನು ಕೊಟ್ಟವರು

ರಾಜ್‌ಕುಮಾರ್ ನಾಯಕನಾಗಿ ನಟಿಸಿದ ಮೊದಲ ಚಿತ್ರ ಯಾವುದು? ಹಿರಿಯರಿಗೆ ಗೊತ್ತಿದೆ, 'ಬೇಡರ ಕಣ್ಣಪ್ಪ'. 1954ರಲ್ಲಿ ಬಂತು. ಶಿವನ ಕಣ್ಣಿನಲ್ಲಿ ರಕ್ತ ಸುರಿಯುವುದನ್ನು ನೋಡಿ, ಓದು ಬರಹ ತಿಳಿಯದ ಬೇಡನೊಬ್ಬ ತನ್ನ ಕಣ್ಣನ್ನೇ ಕಿತ್ತು ಇಡುತ್ತಾನೆ. ಇನ್ನೊಂದು ಕಣ್ಣಿನಲ್ಲೂ ರಕ್ತ ಬಂದಾಗ ಎರಡನೆಯದನ್ನೂ ಕೊಡಲು ಹೊರಡುತ್ತಾನೆ. ಅದು ಭಕ್ತಿಯ ಕಥೆ. ಆ ಪಾತ್ರ ಮಾಡಿದ ನಟ ಸುಮಾರು ನಲವತ್ತು ವರ್ಷಗಳ ನಂತರ ನಿಜ ಜೀವನದಲ್ಲೂ ಕಣ್ಣು ಕೊಡುವ ಮಾತು ಕೊಟ್ಟರು.

1994ರಲ್ಲಿ ಬೆಂಗಳೂರಿನ ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನಲ್ಲೇ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕ್ ಆರಂಭವಾಯಿತು. ಸಾಮಾನ್ಯವಾಗಿ ದೊಡ್ಡವರು ಇಂಥ ಕಾರ್ಯಕ್ರಮಕ್ಕೆ ಬಂದು, ದೀಪ ಹಚ್ಚಿ, ನಾಲ್ಕು ಒಳ್ಳೆಯ ಮಾತಾಡಿ ಹೋಗುತ್ತಾರೆ. ರಾಜ್‌ಕುಮಾರ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ತಮ್ಮ ಕಣ್ಣುಗಳನ್ನಷ್ಟೇ ಅಲ್ಲ, ಇಡೀ ಕುಟುಂಬದ ಕಣ್ಣುಗಳನ್ನು ಮರಣಾನಂತರ ದಾನ ಮಾಡುವುದಾಗಿ ಮಾತು ಕೊಟ್ಟರು. ಅಭಿಮಾನಿಗಳನ್ನು ಅವರು 'ಅಭಿಮಾನಿ ದೇವರುಗಳು' ಅಂತ ಕರೆಯುತ್ತಿದ್ದರು. ಆ ದೇವರುಗಳ ಮುಂದೆ ಕೊಟ್ಟ ಮಾತು ಅದು.

ಇದನ್ನು ಗಮನಿಸಿ. 'ನೀವು ಕೊಡಿ' ಅಂತ ಹೇಳುವುದು ಬೇರೆ. 'ನಾನು ಕೊಡ್ತೀನಿ, ನನ್ನ ಹೆಂಡತಿ ಮಕ್ಕಳೂ ಕೊಡ್ತಾರೆ, ನೀವೂ ಬನ್ನಿ' ಅನ್ನುವುದು ಬೇರೆ. ನಮ್ಮ ಸಂಘದಲ್ಲೂ ಹಾಗೇ ಅಲ್ವಾ? ಸಾಲ ಸರಿಯಾಗಿ ಕಟ್ಟಿ ಅಂತ ಹೇಳುವ ಪ್ರತಿನಿಧಿ ತಾನೇ ಮೂರು ಕಂತು ಬಾಕಿ ಇಟ್ಟಿದ್ದರೆ ಯಾರಾದರೂ ಅವರ ಮಾತು ಕೇಳುತ್ತಾರಾ?

ಮಾತು ಉಳಿಸಿಕೊಂಡದ್ದು

ಮಾತು ಕೊಡುವುದು ಸುಲಭ. ಅದನ್ನು ಉಳಿಸಿಕೊಳ್ಳಬೇಕಾದ ಗಳಿಗೆ ಬಹಳ ಕಷ್ಟದ್ದು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ಆ ದಿನ ಬೆಂಗಳೂರು ಹೇಗಿತ್ತು ಅಂತ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ದುಃಖದಲ್ಲಿ ಜನ ಹಿಡಿತ ತಪ್ಪಿದರು. ಕಲ್ಲು ತೂರಾಟ ಆಯಿತು, ವಾಹನಗಳಿಗೆ ಬೆಂಕಿ ಬಿತ್ತು, ಪ್ರಾಣಹಾನಿಯೂ ಆಯಿತು. ಅಷ್ಟೆಲ್ಲ ಗಲಾಟೆಯ ನಡುವೆಯೂ ಕುಟುಂಬದವರು ಮಾತು ಮರೆಯಲಿಲ್ಲ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು.

2017ರ ಮೇ 31ರಂದು ಪಾರ್ವತಮ್ಮ ರಾಜ್‌ಕುಮಾರ್ ತೀರಿಕೊಂಡರು. ಅವರ ಕಣ್ಣುಗಳೂ ದಾನವಾದವು. ಪಾರ್ವತಮ್ಮನವರ ಬಗ್ಗೆ ನಾವು ಹೆಂಗಸರು ಎರಡು ಮಾತು ಹೆಚ್ಚು ತಿಳಿದುಕೊಳ್ಳಬೇಕು. 1970ರ ದಶಕದಲ್ಲಿ, ಚಿತ್ರರಂಗದ ಹಣಕಾಸು ಬಹುಪಾಲು ಗಂಡಸರ ಕೈಯಲ್ಲಿದ್ದ ಕಾಲದಲ್ಲಿ, ನಿರ್ಮಾಪಕಿಯಾಗಿ ನಿಂತವರು ಅವರು. 'ವಜ್ರೇಶ್ವರಿ ಕಂಬೈನ್ಸ್' ಸಂಸ್ಥೆಯ ವ್ಯವಹಾರ ಅವರೇ ನೋಡಿಕೊಂಡರು. ಮೈಸೂರಿನಲ್ಲಿ ನೊಂದ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಶಕ್ತಿಧಾಮವನ್ನು ಬೆಳೆಸುವುದರಲ್ಲೂ ಅವರ ಪಾತ್ರ ದೊಡ್ಡದು. ಲೆಕ್ಕ ಗೊತ್ತಿರುವ ಹೆಂಗಸಿನ ಕೈಯಲ್ಲಿ ದಾನವೂ ಸರಿಯಾದ ಜಾಗಕ್ಕೆ ಹೋಗುತ್ತದೆ. ಇದು ನನ್ನ ಅನುಭವದ ಮಾತು.

ಆಮೇಲೆ 2021ರ ಅಕ್ಟೋಬರ್ 29. ಆ ದಿನ ಯಾರಿಗೂ ಮರೆತಿಲ್ಲ. ಅಪ್ಪು, ಪುನೀತ್ ರಾಜ್‌ಕುಮಾರ್, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 46. ವಯಸ್ಸಾದವರು ಹೋದರೆ ಮನಸ್ಸು ಹೇಗೋ ಸಮಾಧಾನ ಮಾಡಿಕೊಳ್ಳುತ್ತದೆ. ಆದರೆ ಬೆಳಿಗ್ಗೆ ಚೆನ್ನಾಗಿದ್ದವರು ಮಧ್ಯಾಹ್ನಕ್ಕೆ ಇಲ್ಲ ಅಂದ್ರೆ? ಹೆಂಡತಿ ಅಶ್ವಿನಿ, ಇಬ್ಬರು ಹೆಣ್ಣುಮಕ್ಕಳು, ಅಣ್ಣಂದಿರು, ಆ ಮನೆಯವರ ಸ್ಥಿತಿ ಊಹಿಸಿಕೊಳ್ಳಿ. ಅಂಥ ಗಳಿಗೆಯಲ್ಲೂ ಅಪ್ಪ 1994ರಲ್ಲಿ ಕೊಟ್ಟ ಮಾತನ್ನು ಆ ಮನೆ ಉಳಿಸಿಕೊಂಡಿತು. ಮರುದಿನವೇ ಅವರ ಕಣ್ಣುಗಳನ್ನು ಕಸಿ ಮಾಡಲಾಯಿತು.

ಎರಡು ಕಣ್ಣು, ನಾಲ್ಕು ಜನ

ಸಾಮಾನ್ಯವಾಗಿ ಒಬ್ಬರ ಎರಡು ಕಣ್ಣಿನಿಂದ ಇಬ್ಬರಿಗೆ ದೃಷ್ಟಿ ಬರುತ್ತದೆ. ಪುನೀತ್ ಕಣ್ಣುಗಳಿಂದ ನಾಲ್ಕು ಜನರಿಗೆ ದೃಷ್ಟಿ ಬಂತು. ಮೂವರು ಗಂಡಸರು, ಒಬ್ಬ ಹೆಣ್ಣುಮಗಳು, ಎಲ್ಲರೂ ಎಳೆಯ ವಯಸ್ಸಿನವರು. ನಾರಾಯಣ ನೇತ್ರಾಲಯದ ಡಾ. ಭುಜಂಗ ಶೆಟ್ಟಿ ಮತ್ತು ಅವರ ತಂಡ ಈ ಕೆಲಸ ಮಾಡಿತು. ಡಾ. ಶೆಟ್ಟಿಯವರು 2023ರಲ್ಲಿ ತೀರಿಕೊಂಡರು.

ಎರಡು ಕಣ್ಣು ನಾಲ್ಕು ಜನಕ್ಕೆ ಹೇಗೆ? ಸರಳವಾಗಿ ಹೇಳ್ತೀನಿ. ಗಡಿಯಾರದ ಮುಖದ ಮೇಲೆ ಗಾಜು ಇರುತ್ತದಲ್ಲ, ಹಾಗೆ ನಮ್ಮ ಕಣ್ಣಿನ ಕಪ್ಪು ಭಾಗದ ಮೇಲೆ ಒಂದು ಪಾರದರ್ಶಕ ಪಟಲ ಇದೆ. ಅದಕ್ಕೆ ಕಾರ್ನಿಯ ಅನ್ನುತ್ತಾರೆ. ಗಾಜು ಮಬ್ಬಾದರೆ ಗಡಿಯಾರ ಸರಿ ಇದ್ದರೂ ಸಮಯ ಕಾಣುವುದಿಲ್ಲ. ಹಾಗೇ ಕಾರ್ನಿಯ ಬೆಳ್ಳಗಾದರೆ ಕಣ್ಣಿನ ಒಳಗಿನದೆಲ್ಲ ಸರಿ ಇದ್ದರೂ ದೃಷ್ಟಿ ಇರುವುದಿಲ್ಲ. ಈ ಕಾರ್ನಿಯದಲ್ಲಿ ಹಲವು ಪದರಗಳಿವೆ. ಕೆಲವರಿಗೆ ಮೇಲಿನ ಪದರ ಕೆಟ್ಟಿರುತ್ತದೆ, ಕೆಲವರಿಗೆ ಒಳಗಿನದು. ಪುನೀತ್ ಅವರ ಪ್ರತಿಯೊಂದು ಕಾರ್ನಿಯವನ್ನೂ ಎರಡಾಗಿ ಬಿಡಿಸಿ, ಮೇಲಿನ ಪದರ ಬೇಕಾದ ಇಬ್ಬರಿಗೆ ಅದನ್ನು, ಒಳಪದರ ಬೇಕಾದ ಇಬ್ಬರಿಗೆ ಇದನ್ನು ಹಾಕಿದರು.

ಒಂದು ವಿಷಯ ಸ್ಪಷ್ಟ ಇರಲಿ. ವಯಸ್ಸಾದವರಿಗೆ ಬರುವ ಕಣ್ಣಿನ ಪೊರೆ ಬೇರೆ, ಇದು ಬೇರೆ. ಪೊರೆಗೆ ಆಪರೇಷನ್ ಮಾಡಿ ಲೆನ್ಸ್ ಹಾಕಿದರೆ ಸಾಕು, ಯಾರ ಕಣ್ಣೂ ಬೇಕಾಗಿಲ್ಲ. ಕಣ್ಣಿನ ನರ ಒಣಗಿ ದೃಷ್ಟಿ ಹೋಗಿದ್ದರೆ ಕಾರ್ನಿಯ ಹಾಕಿಯೂ ಪ್ರಯೋಜನ ಇಲ್ಲ. ಕಾರ್ನಿಯ ಹಾಳಾದವರಲ್ಲಿ ಬಹಳ ಮಂದಿಗೆ ಇನ್ನೊಬ್ಬ ಮನುಷ್ಯ ಸತ್ತ ಮೇಲೆ ಕೊಟ್ಟ ಕಣ್ಣೇ ಬೇಕು. ಅಂಗಡಿಯಲ್ಲಿ ಸಿಗುವುದಿಲ್ಲ. ದುಡ್ಡು ಕೊಟ್ಟರೂ ಸಿಗುವುದಿಲ್ಲ. ಸಿಗಲೂಬಾರದು, ಕಣ್ಣು ಮಾರುವುದು ಕೊಳ್ಳುವುದು 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಅಪರಾಧ.

ಈ ಕಾರ್ನಿಯ ಯಾರಿಗೆ ಹಾಳಾಗುತ್ತದೆ? ನಮ್ಮಂಥವರಿಗೇ. ಭತ್ತ ಕೊಯ್ಯುವಾಗ ಗರಿ ಚುಚ್ಚಿದವರಿಗೆ, ಒಕ್ಕುವಾಗ ಹೊಟ್ಟು ಬಿದ್ದವರಿಗೆ, ಕಲ್ಲು ಒಡೆಯುವಾಗ ಚೂರು ಹಾರಿದವರಿಗೆ, ದೀಪಾವಳಿ ಪಟಾಕಿ ಸಿಡಿದ ಮಕ್ಕಳಿಗೆ, ವಿಟಮಿನ್ 'ಎ' ಸಾಲದ ಕೂಸುಗಳಿಗೆ. ಎಲೆ ಅಡಿಕೆಗೆ ಇಟ್ಟ ಸುಣ್ಣದ ಪೊಟ್ಟಣವನ್ನು ಮಗು ಹಿಸುಕಿದರೆ ಸುಣ್ಣ ನೇರ ಕಣ್ಣಿಗೆ ಹಾರುತ್ತದೆ. 1905ರಲ್ಲಿ ಯುರೋಪಿನ ಒಲೊಮೌಟ್ಸ್ ಎಂಬ ಊರಿನಲ್ಲಿ ಡಾ. ಎಡ್ವರ್ಡ್ ಜಿರ್ಮ್ ಜಗತ್ತಿನ ಮೊದಲ ಯಶಸ್ವಿ ಕಾರ್ನಿಯ ಕಸಿ ಮಾಡಿದರು. ಆ ರೋಗಿಯೂ ಒಬ್ಬ ಕೂಲಿ ಮನುಷ್ಯ. ಅವನ ಕಣ್ಣು ಹೋಗಿದ್ದೂ ಸುಣ್ಣ ಬಿದ್ದೇ! ನೂರು ವರ್ಷ ಕಳೆದರೂ ಬಡವರ ಕಣ್ಣಿಗೆ ಬರುವ ಗಂಡಾಂತರ ಹೆಚ್ಚು ಬದಲಾಗಿಲ್ಲ.

ಅಭಿಮಾನ ಎಲ್ಲಿಗೆ ಹರಿಯಿತು?

ಪುನೀತ್ ತೀರಿಕೊಂಡ ಮೇಲೆ ಜನ ಏನು ಮಾಡಿದರು ನೋಡಿ. ಅಭಿಮಾನಿಗಳು ನೇತ್ರದಾನದ ಫಾರಂ ತುಂಬಲು ಸಾಲು ನಿಂತರು. ಊರೂರಲ್ಲಿ ಶಿಬಿರ ನಡೆದವು. ಸಾವಿರಾರು ಜನ ಹೆಸರು ಬರೆಸಿದರು. 2006ರಲ್ಲಿ ಬೆಂಕಿಯಾಗಿ ಉರಿದ ದುಃಖದ ಒಂದು ಪಾಲು 2021ರಲ್ಲಿ ದಾನವಾಗಿ ಹರಿಯಿತು. ಇದು ಸಣ್ಣ ಬದಲಾವಣೆ ಅಲ್ಲ.

ಆದರೆ ಇನ್ನೊಂದು ನೋವಿನ ವಿಷಯವನ್ನೂ ಹೇಳಲೇಬೇಕು. ಅಪ್ಪು ಹೋದರೆಂಬ ದುಃಖದಲ್ಲಿ ಕೆಲವರು ತಮ್ಮ ಜೀವವನ್ನೇ ಕಳೆದುಕೊಂಡರು. ಯಾರೂ ಹಾಗೆ ಮಾಡಿಕೊಳ್ಳಬೇಡಿ, ನಿಮಗೂ ಕುಟುಂಬ ಇದೆ ಅಂತ ಆ ಮನೆಯವರೇ ಬೇಡಿಕೊಂಡರು. ತಾಯಂದಿರೇ, ಮನೆಯಲ್ಲಿ ಹುಡುಗರು ತುಂಬಾ ಮಂಕಾಗಿದ್ದರೆ, ಊಟ ಬಿಟ್ಟಿದ್ದರೆ, 'ಸಿನಿಮಾ ಹುಚ್ಚು' ಅಂತ ಬೈದು ಸುಮ್ಮನಾಗಬೇಡಿ. ಪಕ್ಕದಲ್ಲಿ ಕೂತು ಮಾತಾಡಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನೇತ್ರದಾನ ಅನ್ನುವುದು ಆಯಸ್ಸು ತುಂಬಿ ಹೋದ ಮೇಲಿನ ಮಾತು. ಬದುಕಿರುವಾಗ ನಮ್ಮ ಕಣ್ಣು ನಮ್ಮ ಮಕ್ಕಳನ್ನು ನೋಡುವುದಕ್ಕೆ ಬೇಕು.

ಇಂಥ ಕರೆ ಕೊಟ್ಟವರು ಇವರೊಬ್ಬರೇ ಅಲ್ಲ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ನೇತ್ರದಾನದ ಜಾಹೀರಾತಿನಲ್ಲಿ ಬಂದಿದ್ದರು. ಪೋಲಿಯೋ ಹನಿಗೆ ಅಮಿತಾಭ್ ಬಚ್ಚನ್ ಕರೆದರು, ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬೂತಿಗೆ ಬಂದರು, 2014ರಲ್ಲಿ ನಮ್ಮ ದೇಶಕ್ಕೆ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ರಾಜ್‌ಕುಮಾರ್, ಆಮೇಲೆ ಪುನೀತ್, ಇಬ್ಬರೂ ನಂದಿನಿ ಹಾಲಿನ ಪ್ರಚಾರಕ್ಕೆ ಸಂಭಾವನೆ ತೆಗೆದುಕೊಳ್ಳಲಿಲ್ಲ. ಅದು ನಿಮ್ಮ ಹಾಲು! ನಟ ಕರೆದದ್ದು ಒಂದು ಪಾಲು. ಆದರೆ ಬಿಸಿಲಲ್ಲಿ ಕೂಸನ್ನು ಎತ್ತಿಕೊಂಡು ಬಂದ ತಾಯಿಯ ಕಾಲು ಇಲ್ಲದಿದ್ದರೆ ಯಾವ ಕರೆಯೂ ಪೂರ್ತಿ ಆಗುವುದಿಲ್ಲ.

ಕಾರ್ಡು ಪೆಟ್ಟಿಗೆಯಲ್ಲಿ, ಕಣ್ಣು ಮಣ್ಣಿನಲ್ಲಿ

ಈಗ ಮುಖ್ಯ ಮಾತಿಗೆ ಬರ್ತೀನಿ. ಫಾರಂ ತುಂಬಿದ ಕೂಡಲೇ ನೇತ್ರದಾನ ಆಗುವುದಿಲ್ಲ. ಫಾರಂ ಅಂದ್ರೆ ಆಸೆ ಅಷ್ಟೇ. ಆ ಆಸೆ ನೆರವೇರಬೇಕಾದರೆ ನಾವು ಸತ್ತ ಮೇಲೆ ಮನೆಯಲ್ಲಿ ಯಾರಾದರೂ ಒಬ್ಬರು ಫೋನ್ ಮಾಡಬೇಕು. ಮನೆಯವರು ಒಪ್ಪಿ ಸಹಿ ಹಾಕಬೇಕು. ಅದೂ ಆರು ಗಂಟೆಯ ಒಳಗೆ. ಆರು ಗಂಟೆ ಕಳೆದರೆ ಕಾರ್ನಿಯ ಕೆಡುತ್ತದೆ.

ನಮ್ಮ ಒಂದು ಸಂಘದ ಸದಸ್ಯೆಯ ಮಾವ ತೀರಿಕೊಂಡರು. ಒಳ್ಳೆಯ ಮನುಷ್ಯ, ಅಣ್ಣಾವ್ರ ದೊಡ್ಡ ಅಭಿಮಾನಿ. ಹದಿಮೂರನೇ ದಿನದ ಕಾರ್ಯಕ್ಕೆ ಪಂಚೆ ತೆಗೆಯಲು ಅವರ ಪೆಟ್ಟಿಗೆ ಬಿಚ್ಚಿದಾಗ ನೇತ್ರದಾನದ ಕಾರ್ಡು ಸಿಕ್ಕಿತು. ಮಡಚಿ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಮನೆಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಆ ಸೊಸೆ ನನ್ನ ಹತ್ತಿರ ಬಂದು ಅತ್ತಳು. 'ಸಿಸ್ಟರ್, ಒಂದು ಮಾತು ಹೇಳಿದ್ದರೆ ನಾನೇ ಫೋನ್ ಮಾಡ್ತಿದ್ದೆನಲ್ಲ' ಅಂದಳು. ಅವಳ ತಪ್ಪು ಏನೂ ಇಲ್ಲ. ಆದರೆ ಇಬ್ಬರಿಗೆ ಸಿಗಬೇಕಾದ ದೃಷ್ಟಿ ಮಣ್ಣಿನಲ್ಲಿ ಹೋಯಿತು.

ಇನ್ನೊಂದು ಊರಿನಲ್ಲಿ ನಡೆದದ್ದು ಕೇಳಿ. ರಾತ್ರಿ ಹನ್ನೊಂದು ಗಂಟೆಗೆ ಅತ್ತೆ ತೀರಿಕೊಂಡರು. ಸೊಸೆ ನಮ್ಮ ಸಂಘದ ಕಾರ್ಯದರ್ಶಿ. ನೇತ್ರ ಬ್ಯಾಂಕಿನ ನಂಬರು ಸಂಘದ ನಿರ್ಣಯ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಳು. ಮೈದುನ ಕೂಗಾಡಿದ, 'ಹೆಣ ಇನ್ನೂ ಬಿಸಿ ಇದೆ, ಆಗಲೇ ಕಣ್ಣಿಗೆ ಕೈ ಹಾಕ್ತೀರಾ' ಅಂತ. ಅವಳು ಜಗಳ ಆಡಲಿಲ್ಲ. 'ಟಿವಿಯಲ್ಲಿ ಅಪ್ಪು ಸುದ್ದಿ ನೋಡ್ತಾ ಅತ್ತೆ ನನ್ನ ಮುಂದೆ, ನಿಮ್ಮ ಅಣ್ಣನ ಮುಂದೆ ಹೇಳಿದ್ದಾರೆ. ಅವರ ಮಾತು ನಾನು ನಡೆಸಬೇಕು' ಅಂದಳು. ಗಂಡ ಹೌದು ಅಂದ. ತಂಡ ಬಂತು, ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿತು. ಬೆಳಿಗ್ಗೆ ಮುಖ ನೋಡಲು ಬಂದ ನೆಂಟರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಕೂಗಾಡಿದ ಆ ಮೈದುನನೇ ಮುಂದೆ ತಾನೂ ಫಾರಂ ತುಂಬಿದ.

ಈ ಎರಡು ಮನೆಗಳಿಗೆ ಏನು ವ್ಯತ್ಯಾಸ? ಓದಿನದಲ್ಲ, ಹಣದ್ದಲ್ಲ, ಭಕ್ತಿಯದೂ ಅಲ್ಲ. ಒಂದು ಮನೆಯಲ್ಲಿ ಮಾತು ಆಗಿತ್ತು, ಇನ್ನೊಂದರಲ್ಲಿ ಆಗಿರಲಿಲ್ಲ. ಅಷ್ಟೇ.

ಸಾವಿನ ಮನೆಯಲ್ಲಿ ಹೆಂಗಸರ ಪಾಲಿಗೆ ಅಳುವುದು, ನೀರು ಕಾಯಿಸುವುದು, ಬಂದವರನ್ನು ನೋಡಿಕೊಳ್ಳುವುದು ಮಾತ್ರ ಬರುತ್ತದೆ. ತೀರ್ಮಾನ ಎಲ್ಲ ಅಂಗಳದಲ್ಲಿ ನಿಂತ ಗಂಡಸರದ್ದು. ಆದರೆ ಕೊನೆಯ ದಿನಗಳಲ್ಲಿ ಬಾಯಿಗೆ ಗಂಜಿ ಹಾಕಿದವರು ಯಾರು? ಅವರು ಕೊನೆಗೆ ಏನು ಆಸೆಪಟ್ಟರು ಅಂತ ತಿಳಿದವರು ಯಾರು? ನಾವೇ. ಬ್ಯಾಂಕ್ ಮ್ಯಾನೇಜರ ಮುಂದೆ ಕೂತು ಸಾಲ ಕೇಳಲು ಕಲಿತಿದ್ದೀರಿ, ಗ್ರಾಮಸಭೆಯಲ್ಲಿ ಎದ್ದು ನಿಂತು ನೀರು ಕೇಳಿದ್ದೀರಿ. ಸಾವಿನ ಮನೆಯಲ್ಲೂ ಆ ಒಂದು ಮಾತು ಆಡುವ ಧೈರ್ಯ ಮಾಡಿ.

ನೀವು ಕೇಳುವ ಪ್ರಶ್ನೆಗಳು

'ಸಿಸ್ಟರ್, ಕಣ್ಣಿಲ್ಲದೆ ಹೋದರೆ ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ತಾರಂತೆ, ಹೌದಾ?' ಹೋದ ಕಡೆಯೆಲ್ಲ ಇದನ್ನು ಕೇಳುತ್ತಾರೆ. ಸುಟ್ಟರೆ ಇಡೀ ದೇಹ ಬೂದಿ, ಹೂಳಿದರೆ ಇಡೀ ದೇಹ ಮಣ್ಣು. ಹಾಗಾದರೆ ಎಲ್ಲರೂ ದೇಹವೇ ಇಲ್ಲದೆ ಹುಟ್ಟಬೇಕಿತ್ತಲ್ಲ? ಬೆನ್ನೆಲುಬನ್ನೇ ಕೊಟ್ಟ ದಧೀಚಿಯ ಕಥೆ, ಮಾಂಸ ಕೊಯ್ದು ಕೊಟ್ಟ ಶಿಬಿಯ ಕಥೆ ನಿಮಗೆ ಗೊತ್ತು. ಕ್ರೈಸ್ತರಲ್ಲೂ ಈ ಸಂಶಯ ಇರುವವರಿದ್ದಾರೆ. ಎರಡನೇ ಜಾನ್ ಪೌಲ್ ಪೋಪರು 1995ರ ತಮ್ಮ ವಿಶ್ವಪತ್ರದಲ್ಲಿ ಅಂಗದಾನವನ್ನು ಮೆಚ್ಚಿ ಬರೆದಿದ್ದಾರೆ. ಕೊಟ್ಟವರನ್ನು ದೇವರು ಶಿಕ್ಷಿಸುತ್ತಾನೆ ಅಂದ್ರೆ ನಾನು ನಂಬುವುದಿಲ್ಲ.

'ಮುಖ ವಿಕಾರ ಆಗುತ್ತದಾ?' ಇಲ್ಲ. ಕಾರ್ನಿಯ ಮಾತ್ರ ಅಥವಾ ಕಣ್ಣುಗುಡ್ಡೆ ತೆಗೆದು, ಕೃತಕ ಕಣ್ಣು ಅಥವಾ ಹತ್ತಿ ಇಟ್ಟು, ರೆಪ್ಪೆ ಮುಚ್ಚುತ್ತಾರೆ. ಮಲಗಿದ ಹಾಗೇ ಕಾಣುತ್ತದೆ.

'ನನಗೆ ಸಕ್ಕರೆ ಕಾಯಿಲೆ, ಬಿಪಿ ಇದೆ. ಕನ್ನಡಕ ಇದೆ. ಪೊರೆ ಆಪರೇಷನ್ ಆಗಿದೆ. ಆಗುತ್ತದಾ?' ಇವು ಯಾವುವೂ ಅಡ್ಡಿ ಅಲ್ಲ. ವಯಸ್ಸೂ ಅಡ್ಡಿ ಅಲ್ಲ. ಹುಚ್ಚುನಾಯಿ ಕಾಯಿಲೆ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಎಂಬ ಕಾಮಾಲೆ, ರಕ್ತದ ಕ್ಯಾನ್ಸರ್, ಮೈಯೆಲ್ಲ ನಂಜೇರಿ ಸತ್ತವರು, ಇಂಥವರ ಕಣ್ಣನ್ನು ಬಳಸುವುದಿಲ್ಲ. ನಾವು ಡಾಕ್ಟರಾಗಿ ತೀರ್ಮಾನ ಮಾಡುವುದು ಬೇಡ. ಫೋನ್ ಮಾಡೋಣ, ಬಂದವರು ರಕ್ತ ತೆಗೆದು ಪರೀಕ್ಷೆ ಮಾಡಿ ಹೇಳುತ್ತಾರೆ.

'ಫಾರಂ ತುಂಬದೇ ಇದ್ದರೆ?' ಪರವಾಗಿಲ್ಲ. ಮನೆಯವರು ಒಪ್ಪಿದರೆ ಸಾಕು.

'ಅಪಘಾತದಲ್ಲಿ ಸತ್ತರೆ?' ಪೊಲೀಸರ ಒಪ್ಪಿಗೆ ಬೇಕಾಗುತ್ತದೆ. ಆದರೆ ಸಾಧ್ಯ ಇದೆ, ಕೇಳಿ.

'ನಮಗೆ ಖರ್ಚು?' ಒಂದು ಪೈಸೆ ಇಲ್ಲ. ತಂಡ ಮನೆಗೇ ಬರುತ್ತದೆ. ಅವರು ನಿಮಗೆ ದುಡ್ಡು ಕೊಡುವುದೂ ಇಲ್ಲ. ಯಾರ ಕಣ್ಣು ಯಾರಿಗೆ ಹೋಯಿತು ಅಂತಲೂ ಹೇಳುವುದಿಲ್ಲ.

ಆ ಆರು ಗಂಟೆಯಲ್ಲಿ ಮಾಡಬೇಕಾದ್ದು

1. ಸತ್ತವರ ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ.
2. ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡಿ.
3. ಮೇಲಿನ ಫ್ಯಾನ್ ನಿಲ್ಲಿಸಿ. ಗಾಳಿಗೆ ಕಣ್ಣು ಬೇಗ ಒಣಗುತ್ತದೆ.
4. ತಕ್ಷಣ ಹತ್ತಿರದ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ಮನೆಯ ವಿಳಾಸ, ಗುರುತು, ಸತ್ತ ಸಮಯ ಸರಿಯಾಗಿ ಹೇಳಿ.
5. ಮರಣದ ಬಗ್ಗೆ ಡಾಕ್ಟರು ಕೊಟ್ಟ ಚೀಟಿ, ಆಸ್ಪತ್ರೆ ಕಾಗದ ಇದ್ದರೆ ತೆಗೆದಿಡಿ.
6. ಒಪ್ಪಿಗೆಗೆ ಸಹಿ ಹಾಕಲು ಹತ್ತಿರದ ಸಂಬಂಧಿ, ಜೊತೆಗೆ ಇಬ್ಬರು ಸಾಕ್ಷಿಗಳು ಇರಲಿ.

ದುಡ್ಡು ಕೇಳುವ ಕರೆ ಬಂದರೆ

ನಟರ ಹೆಸರಿನಲ್ಲಿ ಎಲ್ಲ ಕರೆಗಳೂ ಇಷ್ಟು ಶುದ್ಧವಾಗಿರುವುದಿಲ್ಲ. ನಟನಿಗೇ ಗೊತ್ತಿಲ್ಲದೆ ಅವನ ಫೋಟೋ ಹಾಕಿ ಮೊಬೈಲಿನಲ್ಲಿ ಹಣ ಕೇಳುವವರಿದ್ದಾರೆ. ಆಗ ನಾಲ್ಕು ಪ್ರಶ್ನೆ ಕೇಳಿ. ಹಣ ಯಾರ ಖಾತೆಗೆ ಹೋಗುತ್ತದೆ, ಸಂಸ್ಥೆಯ ಖಾತೆಗಾ, ಒಬ್ಬ ವ್ಯಕ್ತಿಯ ಖಾತೆಗಾ? ರಸೀದಿ ಕೊಡುತ್ತಾರಾ? ಹೋದ ವರ್ಷದ ಲೆಕ್ಕ ತೋರಿಸುತ್ತಾರಾ? ಕರೆ ಕೊಟ್ಟವರು ತಾವು ಏನು ಕೊಟ್ಟಿದ್ದಾರೆ? ನಿಮ್ಮ ಸಂಘದಿಂದ ಏನಾದರೂ ಕೊಡುವುದಾದರೆ ಸಭೆಯಲ್ಲಿ ನಿರ್ಣಯ ಬರೆದು ಕೊಡಿ. ಉಳಿತಾಯದ ಹಣವನ್ನು, ಸಾಲಕ್ಕೆ ಇಟ್ಟ ಹಣವನ್ನು ಮುಟ್ಟಬೇಡಿ. ದಾನ ಕೊಟ್ಟು ಬಡ್ಡಿಗೆ ಸಾಲ ತರುವ ಹಾಗಾಗಬಾರದು. ಹಣವೇ ಇಲ್ಲದವರು ಏನು ಕೊಡಬಹುದು ಅನ್ನುವುದಕ್ಕೆ ನೇತ್ರದಾನಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಇದರಲ್ಲಿ ಕೋಟ್ಯಧಿಪತಿಗೂ ಕೂಲಿಯವಳಿಗೂ ಇರುವುದು ಎರಡೇ ಕಣ್ಣು.

ಇದ್ದ ಕಣ್ಣನ್ನೂ ಕಾಪಾಡೋಣ

ಸತ್ತ ಮೇಲೆ ಕೊಡುವುದರ ಜೊತೆಗೆ, ಬದುಕಿರುವವರ ಕಣ್ಣು ಹಾಳಾಗದಂತೆ ನೋಡುವುದೂ ದಾನವೇ. ಮಗುವಿಗೆ ಒಂಬತ್ತು ತಿಂಗಳಿಂದ ಐದು ವರ್ಷದ ತನಕ ಒಟ್ಟು ಒಂಬತ್ತು ಸಲ ವಿಟಮಿನ್ 'ಎ' ಕೊಡುತ್ತಾರೆ, ತಪ್ಪಿಸಬೇಡಿ. ನುಗ್ಗೆ ಸೊಪ್ಪು, ಹರಿವೆ, ಪಪ್ಪಾಯಿ ಮನೆಯ ಹಿತ್ತಿಲಲ್ಲೇ ಬೆಳೆಯಿರಿ. ಕಣ್ಣಿಗೆ ಕಸ ಬಿದ್ದರೆ ಶುದ್ಧ ನೀರಿನಲ್ಲಿ ತೊಳೆಯಿರಿ. ಸುಣ್ಣ ಬಿದ್ದರೆ ಒಂದು ನಿಮಿಷವೂ ತಡ ಮಾಡದೆ ಧಾರಾಳ ನೀರು ಹಾಕುತ್ತಲೇ ಇರಿ, ಆಮೇಲೆ ನೇರ ಆಸ್ಪತ್ರೆಗೆ ಹೋಗಿ. ಸೊಪ್ಪಿನ ರಸ, ಎಣ್ಣೆ, ಜೇನು ಬಿಡಬೇಡಿ. ಭತ್ತದ ಗರಿ ತಾಗಿ ಕಣ್ಣು ಕೆಂಪಾದರೆ 'ಕೊಯ್ಲು ಮುಗಿಯಲಿ' ಅಂತ ಕಾಯಬೇಡಿ.

ಮುಂದಿನ ಸಭೆಗೆ ಕೆಲಸ

ಕೇಳಿ ಚಪ್ಪಾಳೆ ತಟ್ಟಿ ಹೋದರೆ ಸಾಲದು. ಪ್ರತಿ ಸಂಘವೂ ಮುಂದಿನ ಸಭೆಗೆ ಮೂರು ಕೆಲಸ ಮಾಡಿಕೊಂಡು ಬನ್ನಿ.

ಒಂದು, ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೋ ಹತ್ತಿರದ ಮೆಡಿಕಲ್ ಕಾಲೇಜಿನಲ್ಲೋ ನೇತ್ರ ಬ್ಯಾಂಕ್ ಇದೆಯಾ ಅಂತ ಆಶಾ ಕಾರ್ಯಕರ್ತೆಯನ್ನು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ರಾತ್ರಿಯೂ ಎತ್ತುವ ನಂಬರು ಕೇಳಿ ಪಡೆಯಿರಿ. ನಿರ್ಣಯ ಪುಸ್ತಕದ ಕೊನೆಯ ಪುಟದಲ್ಲಿ, ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ.

ಎರಡು, ಈ ವಾರ ಒಂದು ರಾತ್ರಿ ಊಟಕ್ಕೆ ಕೂತಾಗ ಮನೆಯವರ ಮುಂದೆ ಹೇಳಿ, 'ನಾನು ಹೋದ ಮೇಲೆ ನನ್ನ ಕಣ್ಣು ಕೊಡಿ' ಅಂತ. 'ಅಪಶಕುನ ಆಡಬೇಡ' ಅಂತ ಬೈಯಬಹುದು. ಬೈಸಿಕೊಳ್ಳಿ. ಕಿವಿಗೆ ಬಿದ್ದರೆ ಸಾಕು, ಆ ದಿನ ನೆನಪಾಗುತ್ತದೆ.

ಮೂರು, ಮನೆಯಲ್ಲಿರುವ ಅಭಿಮಾನಿ ಹುಡುಗರನ್ನು ಕರೆದು ಕೇಳಿ. ಮಾರ್ಚ್ 17ಕ್ಕೆ ಅಪ್ಪು ಹುಟ್ಟುಹಬ್ಬ, ಏಪ್ರಿಲ್ 24ಕ್ಕೆ ಅಣ್ಣಾವ್ರ ಹುಟ್ಟುಹಬ್ಬ. ಅಭಿಮಾನಿ ಸಂಘದವರೂ ನಮ್ಮ ಸಂಘದವರೂ ಸೇರಿ ಆ ದಿನ ಕಣ್ಣಿನ ತಪಾಸಣೆ, ನೇತ್ರದಾನದ ಮಾಹಿತಿ ಶಿಬಿರ ಮಾಡಬಹುದಾ? ಆಗಸ್ಟ್ 25ರಿಂದ ಸೆಪ್ಟೆಂಬರ್ 8ರ ತನಕ ರಾಷ್ಟ್ರೀಯ ನೇತ್ರದಾನ ಪಾಕ್ಷಿಕವೂ ಇದೆ. ಫ್ಲೆಕ್ಸ್ ಕಟ್ಟಲು ಬರುವ ಹುಡುಗರಿಗೆ ಬೆಂಚು ಹಾಕಲು, ಹೆಸರು ಬರೆದುಕೊಳ್ಳಲು ಬರುವುದಿಲ್ಲವಾ?

ಅಣ್ಣಾವ್ರು ಕರೆ ಕೊಟ್ಟು ಮೂವತ್ತು ವರ್ಷಕ್ಕೂ ಹೆಚ್ಚಾಯಿತು. ಅವರು ಮಾತು ಉಳಿಸಿಕೊಂಡರು, ಹೆಂಡತಿ ಉಳಿಸಿಕೊಂಡರು, ಮಗ ಉಳಿಸಿಕೊಂಡರು. ಆ ಕಣ್ಣುಗಳು ಸಿಕ್ಕಿದವರು ನಮ್ಮ ನಿಮ್ಮಂಥ ಮನೆಯವರು. ಈಗ ಉತ್ತರ ಹೇಳಬೇಕಾದವರು ನಾವು. ಮುಂದಿನ ತಿಂಗಳ ಸಭೆಯಲ್ಲಿ ಎಷ್ಟು ಸಂಘಗಳ ನಿರ್ಣಯ ಪುಸ್ತಕದ ಕೊನೆಯ ಪುಟದಲ್ಲಿ ನಂಬರು ಇದೆ ಅಂತ ನಾನೇ ತಿರುಗಿಸಿ ನೋಡ್ತೀನಿ.